ಇಪ್ಪತ್ತೇಳು ತೂಗಾಟ

ಮಂಗಳವಾರ ಮತ್ತು ಶುಕ್ರವಾರ, ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ, ಸೈಕಲ್ ಶೆಡ್ಡಿಗೆ ಅಂಟಿಕೊಂಡಿರುವ ಕೋಣೆಯ ಬೀಗ ತೆಗೆಯುತ್ತೇನೆ. ಮೊದಲು ಅಲ್ಲಿ ಕಾಲು ಮುರಿದ ಬೆಂಚು, ಹರಿದ ನಕ್ಷೆ, ತುಕ್ಕು ಹಿಡಿದ ತಕ್ಕಡಿಗಳನ್ನು ತುಂಬಿಡುತ್ತಿದ್ದರು. ಈಗ ಎರಡು ಉದ್ದನೆಯ ಮೇಜು, ಒಂದು ಕಪ್ಪುಹಲಗೆ, ಒಂದು ನಲ್ಲಿ. ಮೂರನೆಯ ತರಗತಿಯಿಂದ ಐದನೆಯ ತರಗತಿಯವರೆಗಿನ ಹದಿನಾಲ್ಕು ಮಕ್ಕಳು ಒಂದೂವರೆ ಗಂಟೆ ಅಲ್ಲಿ ನೀರು ಚೆಲ್ಲುತ್ತಾರೆ, ಬಲೂನು ಒಡೆಯುತ್ತಾರೆ, ಅಯಸ್ಕಾಂತವನ್ನು ಒಬ್ಬರ ಕಿವಿಗೊಬ್ಬರು ಹಿಡಿದು ನೋಡುತ್ತಾರೆ. ನನ್ನನ್ನು ಅವರು 'ಸೈನ್ಸ್ ಆಂಟಿ' ಅನ್ನುತ್ತಾರೆ. ಮಿಸ್ ಅನ್ನಬೇಕೋ ಆಂಟಿ ಅನ್ನಬೇಕೋ ಎಂದು ಮೊದಲ ವಾರ ಕೇಳಿದ್ದರು. ನಾನು ಇಲ್ಲಿಯ ಟೀಚರಲ್ಲ, ನಿಮ್ಮಿಷ್ಟ ಎಂದಿದ್ದೆ.

ಹಗಲು ನಾನು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಉಪಕರಣ ಒರೆಸಿ ಎತ್ತಿಡುವುದು, ವೈರು ಕಡಿದಿದ್ದರೆ ಸೇರಿಸುವುದು, ಹುಡುಗರು ಒಡೆದ ಗಾಜನ್ನು ಗುಡಿಸುವುದು. ಡಿಗ್ರಿ ಇದೆ. ಸಂಜೆ ಕಾಲೇಜಿನಲ್ಲಿ ಆರು ವರ್ಷ ಒದ್ದಾಡಿ ತೆಗೆದುಕೊಂಡದ್ದು. ಅಲ್ಲಿ ಪ್ರಯೋಗಕ್ಕೆ ಸಿಗುತ್ತಿದ್ದದ್ದು ಹಗಲಿನವರು ಕೆಡಿಸಿಟ್ಟ ಸಾಮಾನು, ಮುಕ್ಕಾಲು ಗಂಟೆ ಸಮಯ. ಹಾಗಾಗಿ ನಾವು ಗ್ರಾಫಿನಲ್ಲಿ ಗೆರೆಯನ್ನು ಮೊದಲು ಎಳೆದು, ಆಮೇಲೆ ಅದರ ಮೇಲೆ ಚುಕ್ಕಿ ಇಡುತ್ತಿದ್ದೆವು. ಯಾವ ಅಳತೆ ಬರಬೇಕೋ ಅದನ್ನು ಹಿಂದಿನ ವರ್ಷದವರ ಪುಸ್ತಕದಿಂದ ಇಳಿಸಿಕೊಳ್ಳುತ್ತಿದ್ದೆವು. ಈಗ ಹತ್ತೊಂಬತ್ತು ವರ್ಷಗಳಿಂದ ಹಗಲಿನ ಹುಡುಗರು ಅದನ್ನೇ ಮಾಡುವುದನ್ನು ನೋಡುತ್ತಿದ್ದೇನೆ, ಅವರಿಗೆ ಸಾಮಾನೂ ಇದೆ, ಸಮಯವೂ ಇದೆ. ಅಷ್ಟು ದೊಡ್ಡವರಾದ ಮೇಲೆ ತಿದ್ದಲಾಗುವುದಿಲ್ಲ, ಎಂಟು ವರ್ಷಕ್ಕೇ ಹಿಡಿಯಬೇಕು ಅನ್ನಿಸಿದ್ದರಿಂದ ಈ ಕ್ಲಬ್ಬು. ಕಪ್ಪುಹಲಗೆಯ ಮೂಲೆಯಲ್ಲಿ 'ಕಂಡದ್ದನ್ನೇ ಬರೆಯಿರಿ' ಎಂದು ಬಣ್ಣದಲ್ಲಿ ಬರೆಸಿದ್ದೆ. ಅದನ್ನು ಬರೆಸಿದವಳು ನಾನೇ ಎಂಬುದು ಈಗ ಹೇಳಿಕೊಳ್ಳುವ ಸಂಗತಿಯಲ್ಲ.

ಮಕ್ಕಳ ಮುಂದೆ ಮಾಡುವ ಯಾವುದನ್ನೂ ಹಿಂದಿನ ಸಂಜೆ ಮನೆಯಲ್ಲಿ ಮಾಡಿ ನೋಡದೆ ನಾನು ಬರುವುದಿಲ್ಲ. ಒಂದು ಸಲವಲ್ಲ, ನಾಲ್ಕೈದು ಸಲ. ಆಮೇಲೂ ನೆಮ್ಮದಿಯಿಲ್ಲ. ನನ್ನ ಜೊತೆ ಇರುವ ಅಕ್ಕ ತರಕಾರಿ ಹೆಚ್ಚುತ್ತ ಇದನ್ನೆಲ್ಲ ನೋಡುತ್ತಾಳೆ.

"ಬಾಟ್ಲಿಗೆ ಬಲೂನು ಸಿಕ್ಕಿಸಿದ್ರೆ ಉಬ್ಬತ್ತೆ ಅಂತ ನಿಂಗೆ ನಿನ್ನೇನೇ ಗೊತ್ತಾಯ್ತಲ್ಲ. ಇವತ್ತು ಮನಸ್ಸು ಬದಲಾಯಿಸತ್ತಾ ಅದು?"

"ನಾಳೆ ಉಬ್ಬದೇ ಹೋದ್ರೆ?"

"ಹೋದ್ರೆ ಹೋಯ್ತು. ಮಕ್ಕಳು ನಿನ್ನ ಗಲ್ಲಿಗೆ ಹಾಕ್ತಾರಾ? ಅಡುಗೆಮನೇಲಿ ಜಾಗ ಬಿಡು ಮಾರಾಯ್ತಿ, ಸಾರಿಗೆ ಒಗ್ಗರಣೆ ಹಾಕ್ಬೇಕು."

ಹದಿನಾಲ್ಕು ಮಕ್ಕಳಲ್ಲಿ ಒಬ್ಬಳು ಮೀಟರ್. ಅವಳ ಹೆಸರು ಬೇರೆ ಇತ್ತು, ಆದರೆ ಇಡೀ ಶಾಲೆ ಅವಳನ್ನು ಕರೆಯುತ್ತಿದ್ದದ್ದು ಹಾಗೆ. ಮೂರನೆಯ ತರಗತಿ, ಎಂಟು ವರ್ಷ, ಮುಂದಿನ ಎರಡು ಹಲ್ಲು ಆಗಷ್ಟೇ ಬಿದ್ದಿದ್ದವು. ಅವಳಮ್ಮ ಟೈಲರ್. ಹುಡುಗಿ ಹುಟ್ಟಿದಾಗಿನಿಂದ ಅಳತೆಯ ಟೇಪಿನ ಮಧ್ಯೆ ಬೆಳೆದದ್ದಕ್ಕೋ ಏನೋ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುತ್ತಿದ್ದಳು. ಮೆಟ್ಟಿಲು ಹತ್ತೊಂಬತ್ತು. ಕಿಟಕಿಯ ಸರಳು ಎಂಟು, ಅದರಲ್ಲೊಂದು ಸೊಟ್ಟ. ದೊಡ್ಡ ಮೇಡಂ ಬೆಳಗಿನ ಭಾಷಣದಲ್ಲಿ 'ಮಕ್ಕಳೇ' ಅಂದದ್ದು ಮೂವತ್ತಮೂರು ಸಲ. ಇದನ್ನು ಅವಳು ದೊಡ್ಡ ಮೇಡಮ್ಮಿಗೇ ಹೋಗಿ ಹೇಳಿದ್ದಳಂತೆ.

ಒಂದು ನಾಣ್ಯದ ಮೇಲೆ ಎಷ್ಟು ಹನಿ ನೀರು ನಿಲ್ಲುತ್ತದೆ ಎಂದು ಎಣಿಸಿದ ದಿನ ನನಗೆ ಅವಳು ಯಾರೆಂದು ಗೊತ್ತಾಯಿತು. ಅವಳ ಎದುರು ಕೂರುವ ನಾಲ್ಕನೆಯ ತರಗತಿಯ ಹುಡುಗ, ಬಾಯಿ ಮುಚ್ಚದ ಕಾರಣಕ್ಕೆ ಎಲ್ಲರೂ 'ರೇಡಿಯೊ' ಎನ್ನುವವನು, ಎದ್ದುನಿಂತು ಕೂಗಿದ:

"ನಂದು ನಲವತ್ತು ಹನಿ ಆಂಟಿ!"

"ಸುಳ್ಳು," ಎಂದಳು ಮೀಟರ್, ತನ್ನ ನಾಣ್ಯದಿಂದ ಕಣ್ಣೆತ್ತದೆ. "ಹದಿನೆಂಟಕ್ಕೇ ಚೆಲ್ಲಿ ಹೋಯ್ತು. ಆಮೇಲಿಂದು ಮೇಜಿನ ಮೇಲೆ ಬಿದ್ದಿದ್ದು."

"ನೀನೇನು ನಂದು ಎಣಿಸ್ತಿದ್ಯಾ?"

"ನಿಂದೂ ಎಣಿಸ್ತಿದ್ದೆ, ನಂದೂ ಎಣಿಸ್ತಿದ್ದೆ."

"ಎರಡು ಮೀಟರ್ ಇದೆ ಆಂಟಿ ಇವಳಿಗೆ! ಆಟೋದವರಿಗೆ ಒಂದೇ ಇರತ್ತೆ!"

ಎಲ್ಲರೂ ನಕ್ಕರು. ಅವಳೂ ನಕ್ಕಳು, ಹಲ್ಲಿಲ್ಲದ ಜಾಗದಲ್ಲಿ ನಾಲಿಗೆ ಕಾಣುವ ಹಾಗೆ. ಪುಸ್ತಕದಲ್ಲಿ ಮಾತ್ರ ಇಪ್ಪತ್ತಮೂರು ಎಂದು ಬರೆದಳು. ಪಕ್ಕದವರಿಬ್ಬರಿಗೂ ಮೂವತ್ತರ ಮೇಲೆ ಬಂದಿತ್ತು, ಅದನ್ನು ಕಂಡೂ ತನ್ನದನ್ನು ಒಂದಿಷ್ಟೂ ಹೆಚ್ಚಿಸಲಿಲ್ಲ. ಅವತ್ತು ಮನೆಗೆ ಹೋಗಿ ಅಕ್ಕನಿಗೆ ಇದನ್ನು ಎರಡು ಸಲ ಹೇಳಿದೆ.

ನಮ್ಮ ಕ್ಲಬ್ಬಿಗೆ ಸಾಮಾನು ಕೊಡುತ್ತಿದ್ದ ಸಂಸ್ಥೆಯವರು ಶುಕ್ರವಾರ ನೋಡಲು ಬರುತ್ತಾರೆ ಎಂದು ದೊಡ್ಡ ಮೇಡಂ ಸೋಮವಾರ ಹೇಳಿಕಳಿಸಿದರು. ಮುಂದಿನ ವರ್ಷ ಈ ಕ್ಲಬ್ಬು ಇರಬೇಕೋ ಬೇಡವೋ ಎಂದು ಅವರು ತೀರ್ಮಾನಿಸುತ್ತಾರೆ. "ಏನಾದ್ರೂ ಚೆನ್ನಾಗಿರೋದು ಮಾಡ್ಸಿ, ಗಲೀಜಾಗೋದು ಬೇಡ," ಎಂದಿದ್ದರು.

ನಾನು ಲೋಲಕವನ್ನು ಆರಿಸಿಕೊಂಡೆ. ದಾರದ ತುದಿಗೆ ಭಾರ ಕಟ್ಟಿ ತೂಗಾಡಿಸುವುದು, ಅಷ್ಟೇ. ನೀರಿಲ್ಲ, ಬಣ್ಣವಿಲ್ಲ. ಮೇಜಿನ ಅಂಚಿಗೆ ಒಂದು ಪೆನ್ಸಿಲ್ ಅಂಟಿಸಿ, ಅದರಿಂದ ಒಂದು ಗೇಣಿಗಿಂತ ತುಸು ಉದ್ದದ ದಾರ ಇಳಿಬಿಟ್ಟು, ತುದಿಯಲ್ಲಿ ತಂತಿಯ ಕೊಕ್ಕೆ. ಕೊಕ್ಕೆಗೆ ಮೊದಲು ಒಂದು ಕಬ್ಬಿಣದ ನಟ್ಟು, ಆಮೇಲೆ ಐದು ನಟ್ಟು. ಅರ್ಧ ನಿಮಿಷದಲ್ಲಿ ಎಷ್ಟು ಸಲ ಹೋಗಿ ಬರುತ್ತದೆ ಎಂದು ಎಣಿಸಬೇಕು. ಭಾರ ಹೆಚ್ಚಾದರೆ ನಿಧಾನವಾಗುತ್ತದೆ ಎಂದು ಮಕ್ಕಳೆಲ್ಲ ಹೇಳುತ್ತಾರೆ. ಎಣಿಸಿದರೆ ಎರಡಕ್ಕೂ ಮೂವತ್ತೇ ಬರುತ್ತದೆ. ಭಾರಕ್ಕೂ ತೂಗುವ ವೇಗಕ್ಕೂ ಸಂಬಂಧವಿಲ್ಲ, ದಾರದ ಉದ್ದಕ್ಕೆ ಮಾತ್ರ ಸಂಬಂಧ. ಕಣ್ಣೆದುರಿಗೇ ನಂಬಿಕೆ ತಲೆಕೆಳಗಾಗುವ ಪ್ರಯೋಗ. ಬಂದವರಿಗೆ ಅದು ಹಿಡಿಸುತ್ತದೆ ಎಂದುಕೊಂಡೆ.

ಲೇತ್ ಅಂಗಡಿಯಿಂದ ಹೆಬ್ಬೆರಳಿನಷ್ಟು ಅಗಲದ ನಟ್ಟುಗಳನ್ನು ತಂದೆ. ಮನೆಯಲ್ಲಿ ಎಂಟು ಸಲ ಮಾಡಿದೆ. ಏಳು ಸಲ ಮೂವತ್ತು. ಒಮ್ಮೆ ಮಾತ್ರ ಇಪ್ಪತ್ತೊಂಬತ್ತೂವರೆ.

ಶುಕ್ರವಾರ ಬಂದವರು ಒಬ್ಬರೇ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಗಂಡಸು. ಒಳ್ಳೆಯವರ ಹಾಗೆ ಕಂಡರು. ಕೋಣೆಗೆ ಬರುವಾಗ ಚಪ್ಪಲಿ ಬಿಡಬೇಕೇ ಎಂದು ಕೇಳಿದರು. ಅವರ ಹಿಂದೆ ದೊಡ್ಡ ಮೇಡಂ, ಕೈಕಟ್ಟಿಕೊಂಡು. ನನ್ನ ಅಂಗೈ ಎಷ್ಟು ಬೆವೆತಿತ್ತೆಂದರೆ ಸೀಮೆಸುಣ್ಣ ಮೆತ್ತಗಾಗಿತ್ತು.

ಇಬ್ಬರಿಗೊಂದರಂತೆ ಏಳು ಲೋಲಕ. ಮೀಟರಿನ ಜೊತೆಗಾತಿ ಅವತ್ತು ಜ್ವರ ಎಂದು ಬಂದಿರಲಿಲ್ಲ, ಹಾಗಾಗಿ ಅವಳೊಬ್ಬಳೇ. ಒಂದು ನಟ್ಟಿನ ಸರದಿ ಚೆನ್ನಾಗಿ ಆಯಿತು. ನಾನು ಗಡಿಯಾರ ಹಿಡಿದು "ಶುರು" ಎಂದೆ, "ನಿಲ್ಲಿ" ಎಂದೆ, ಏಳು ಗುಂಪಿನವರೂ ಹಲಗೆಯ ಮೇಲೆ ಮೂವತ್ತು ಎಂದು ಬರೆದರು. ಐದು ನಟ್ಟು ಹಾಕಿಕೊಳ್ಳಿ ಎಂದಾಗ ಮೀಟರ್ ಬಂದು ನನ್ನ ತೋಳು ಮುಟ್ಟಿದಳು.

"ಆಂಟಿ, ಕೊಕ್ಕೆ ಬಿಚ್ಕೊಂಡ್ಬಿಡ್ತು."

ಬೇರೆ ಕೊಕ್ಕೆ ಇರಲಿಲ್ಲ. ಎಂಟು ಸಲ ಪರೀಕ್ಷೆ ಮಾಡಿದವಳಿಗೆ ಒಂದು ಹೆಚ್ಚಿನ ಕೊಕ್ಕೆ ಇಟ್ಟುಕೊಳ್ಳಬೇಕು ಎಂದು ತೋಚಿರಲಿಲ್ಲ. ಬುಟ್ಟಿಯಿಂದ ಒಂದು ತುಂಡು ದಾರ ತೆಗೆದು ಕೊಟ್ಟೆ. "ಇದರಲ್ಲಿ ಕಟ್ಕೋ ಪುಟ್ಟಿ, ಬೇಗ," ಎಂದೆ. ಆ ಹೊತ್ತಿಗೆ ಕ್ಯಾಮೆರಾದವರು ಏನೋ ಕೇಳಿದರು, ನಾನು ಅತ್ತ ತಿರುಗಿದೆ.

ಐದು ನಟ್ಟಿನ ಎಣಿಕೆ ಹಲಗೆಗೆ ಬಂತು. ಮೂವತ್ತು, ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತು, ಮೂವತ್ತು. ಕೊನೆಯಲ್ಲಿ ಮೀಟರ್ ಹಿಮ್ಮಡಿಯೆತ್ತಿ ನಿಂತು ದುಂಡಗೆ ಬರೆದಳು: ಇಪ್ಪತ್ತೇಳು.

ಕ್ಯಾಮೆರಾದವರು ಹಲಗೆ ನೋಡಿ ಮುಗುಳ್ನಕ್ಕರು. "ಇದೊಂದು ಯಾಕೆ ಹೀಗೆ?"

ಕುತೂಹಲಕ್ಕೆ ಕೇಳಿದ್ದು. ಈಗ ಯೋಚಿಸಿದರೆ ಅದು ಅವತ್ತಿನ ಅತ್ಯಂತ ಒಳ್ಳೆಯ ಪ್ರಶ್ನೆ. ಆದರೆ ದೊಡ್ಡ ಮೇಡಂ ಸಣ್ಣಗೆ ಕೆಮ್ಮಿದರು.

"ಎಣಿಸೋದ್ರಲ್ಲಿ ತಪ್ಪಿರಬೇಕು ಸಾರ್, ಒಬ್ಬಳೇ ಇದಾಳಲ್ಲ," ಎಂದೆ. "ಇನ್ನೊಂದ್ಸಲ ಎಣಿಸು ಪುಟ್ಟಿ."

ಅವಳು ಎಣಿಸಿದಳು. ಇಪ್ಪತ್ತೇಳು.

"ಮತ್ತೆ ನೋಡು. ಗಾಬರಿ ಮಾಡ್ಕೋಬೇಡ."

ಗಾಬರಿಯಾಗಿದ್ದದ್ದು ಅವಳಿಗಲ್ಲ. ಮತ್ತೆ ಇಪ್ಪತ್ತೇಳು ಬಂತು. ಉಳಿದ ಮಕ್ಕಳು ಸುತ್ತ ನಿಂತಿದ್ದರು. ಕ್ಯಾಮೆರಾದವರು ಗೋಡೆಯ ಕಡೆ ನೋಡುತ್ತಿದ್ದರು, ನಾನು ಅದನ್ನು ಬೇಸರ ಎಂದುಕೊಂಡೆ. ಅವಳ ಲೋಲಕ ಮೇಜಿನ ಆಚೆ ಬದಿಯಲ್ಲಿ ಕೆಳಗೆ ತೂಗುತ್ತಿತ್ತು. ಎರಡು ಹೆಜ್ಜೆ ಹೋಗಿ ಬಗ್ಗಿದ್ದರೆ ಸಾಕಿತ್ತು. ನಾನು ಹಲಗೆ ನೋಡಿದೆ, ಗಡಿಯಾರ ನೋಡಿದೆ, ಬಂದವರ ಮುಖ ನೋಡಿದೆ.

"ಎಲ್ಲರಿಗೂ ಮೂವತ್ತು ಬಂದಿದೆಯಲ್ಲ ಮಗಳೇ," ಎಂದೆ. "ನಿಂಗೊಬ್ಬಳಿಗೆ ಯಾಕೆ ಬೇರೆ ಬರತ್ತೆ? ಸರಿಯಾಗಿ ಎಣಿಸು."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ನಾಲ್ಕನೆಯ ಸಲ ತೂಗಿಬಿಟ್ಟಳು. ಈ ಸಲ ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಗಡಿಯಾರದ ಮುಳ್ಳು ಮುಟ್ಟಿದಾಗ "ನಿಲ್ಲಿಸು" ಎಂದೆ. ತುಟಿ ಇಪ್ಪತ್ತೇಳಕ್ಕೆ ನಿಂತಿತ್ತು. ಅದಾದ ಮೇಲೆ, ನಾನು ಉಸಿರು ಬಿಡುವಷ್ಟು ಹೊತ್ತಿನ ನಂತರ, ಅವಳು ಮೆಲ್ಲಗೆ ಹೇಳಿದಳು:

"ಮೂವತ್ತು."

ಆ ಮೂರು ತೂಗಾಟಗಳು ಎಲ್ಲಿಂದ ಬಂದವು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ "ಶಭಾಷ್!" ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಒರೆಸುವ ಬಟ್ಟೆ ಕೈಗೆ ಸಿಗದೆ ಹಲಗೆಯ ಮೇಲಿನ ಇಪ್ಪತ್ತೇಳನ್ನು ಅಂಗೈಯಿಂದ ಉಜ್ಜಿ ಅಳಿಸಿ, ಅಲ್ಲಿ ನಾನೇ ಮೂವತ್ತು ಎಂದು ಬರೆದೆ.

ಕ್ಲಬ್ಬು ಮುಂದುವರಿಯಲಿ ಎಂದು ಸಂಸ್ಥೆಯಿಂದ ಪತ್ರ ಬಂತು. ದೊಡ್ಡ ಮೇಡಂ ತಮ್ಮ ಕೋಣೆಗೆ ಕರೆದು ಟೀ ಕೊಟ್ಟರು.

ಅದಾದ ಮುಂದಿನ ವಾರ ನೆರಳಿನ ಉದ್ದ ಅಳೆಯುತ್ತಿದ್ದೆವು. ಅಂಗಳದಲ್ಲಿ ಕೋಲು ನೆಟ್ಟು ಹತ್ತು ನಿಮಿಷಕ್ಕೊಮ್ಮೆ ಗುರುತು ಹಾಕುವುದು. ಮೀಟರ್ ಸ್ಕೇಲು ಹಿಡಿದು ನನ್ನ ಹತ್ತಿರ ಬಂದಳು.

"ಎಷ್ಟು ಬರಬೇಕು ಆಂಟಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ. "ಏನು ಎಷ್ಟು?"

"ನೆರಳು. ಎಷ್ಟು ಬರಬೇಕು?"

"ಅಳೆದು ನೋಡು, ಎಷ್ಟಿದೆಯೋ ಅಷ್ಟು."

ಅವಳು ತಲೆಯಾಡಿಸಿ ಹೋದಳು. ಆದರೆ ಕೋಲಿನ ಹತ್ತಿರ ಬಗ್ಗುವ ಮೊದಲು ಪಕ್ಕದ ಗುಂಪಿನವರ ಪುಸ್ತಕಕ್ಕೆ ಇಣುಕಿದಳು. ಅವಳ ಪುಸ್ತಕದಲ್ಲಿ ಅವತ್ತಿನಿಂದ ಅಂಕಿಗಳು ಬಹಳ ಚೆಂದವಾದವು. ಐದು, ಹತ್ತು, ಹದಿನೈದು. ಹೊಡೆದು ಹಾಕಿದ್ದಿಲ್ಲ, ತಿದ್ದಿದ್ದಿಲ್ಲ. ಒಂದು ಸಂಜೆ ರೇಡಿಯೊ ಮೆಟ್ಟಿಲ ಮೇಲೆ ನಿಂತು, "ಏಯ್ ಮೀಟರ್, ಇವತ್ತು ಎಷ್ಟು?" ಎಂದು ಕೂಗಿದ. ಅವಳು ಉತ್ತರ ಕೊಡದೆ ಇಳಿದುಹೋದಳು. "ಮೀಟರ್ ಕೆಟ್ಟೋಗಿದೆ ಆಂಟಿ, ರಿಪೇರಿಗೆ ಕೊಡ್ಬೇಕು," ಎಂದ ಅವನು. ನನಗೆ ನಗು ಬರಲಿಲ್ಲ.

ಆದರೂ ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವಳು ತಪ್ಪು ಎಣಿಸಿದ್ದಳು, ನಾನು ತಿದ್ದಿದೆ. ತಿದ್ದಿದ ರೀತಿ ಒರಟಾಯಿತು, ಅಷ್ಟೇ. ಮೂರು ಸಲವೂ ಒಂದೇ ಹಾಗೆ ತಪ್ಪು ಎಣಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗಲೆಲ್ಲ ಬೇರೆ ಕೆಲಸ ಹಚ್ಚಿಕೊಳ್ಳುತ್ತಿದ್ದೆ.

ಐದಾರು ವಾರ ಕಳೆದಿರಬೇಕು. ಸಂಸ್ಥೆಯವರು ಅವತ್ತು ತೆಗೆದ ಫೋಟೋ ಕಳಿಸಿದ್ದರು. ದೊಡ್ಡ ಮೇಡಂ ಒಂದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಕಾರಿಡಾರಿನಲ್ಲಿ ನೇತುಹಾಕಿದ್ದರು. ಫೋಟೋದಲ್ಲಿ ನಾನು ಅರ್ಧ ಬಾಯಿ ತೆರೆದು ನಿಂತಿದ್ದೇನೆ. ನನ್ನ ಮುಂದೆ ಮೀಟರ್, ಮೇಜಿಗೆ ಬಾಗಿ. ಆಚೆ ಬದಿಯಿಂದ ತೆಗೆದದ್ದರಿಂದ ಅವಳ ಲೋಲಕ ಪೂರ್ತಿ ಕಾಣುತ್ತದೆ.

ನಾನು ಜವಾನನ ಸ್ಟೂಲು ತಂದು ಹತ್ತಿ ನೋಡಿದೆ.

ಐದು ನಟ್ಟು ಒಂದೇ ಕಡೆ ಗುಂಪಾಗಿ ಇರಲಿಲ್ಲ. ಒಂದರ ಕೆಳಗೊಂದು, ಒಂದರ ಕೆಳಗೊಂದು, ಸರಪಳಿಯ ಹಾಗೆ ಕಟ್ಟಿದ್ದಳು. ಅಚ್ಚುಕಟ್ಟಾದ ಗಂಟುಗಳು, ಟೈಲರ್ ಮಗಳ ಗಂಟು. ಹಾಗೆ ಕಟ್ಟಿದರೆ ಭಾರದ ನಡುಭಾಗ ಕೆಳಗಿಳಿಯುತ್ತದೆ, ಲೋಲಕ ಉದ್ದವಾಗುತ್ತದೆ, ನಿಧಾನವಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಆ ಉಪಕರಣ ಒರೆಸುತ್ತಿದ್ದೇನೆ.

ಮನೆಗೆ ಹೋಗಿ ಚೀಲವನ್ನೂ ಕೆಳಗಿಡದೆ ಬಾಗಿಲ ಚಿಲಕಕ್ಕೆ ದಾರ ಕಟ್ಟಿ, ಐದು ನಟ್ಟನ್ನು ಹಾಗೆಯೇ ಇಳಿಬಿಟ್ಟೆ. ಅಕ್ಕ ಗಡಿಯಾರ ಹಿಡಿದಳು.

"ಎಷ್ಟು ಬಂತು?" ಎಂದಳು.

"ಇಪ್ಪತ್ತೇಳು."

"ಅದಕ್ಕ್ಯಾಕೆ ಹಾಗೆ ಮುಖ ಮಾಡ್ತೀಯಾ? ಇಪ್ಪತ್ತೇಳು ಬರಬಾರದಿತ್ತಾ?"

ನಾನು ಎಲ್ಲವನ್ನೂ ಹೇಳಿದೆ. ಅಕ್ಕ ತಮಾಷೆ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸುಮ್ಮನೆ ಸೆರಗಿಗೆ ಕೈ ಒರೆಸಿಕೊಂಡು, "ಹೋಗಿ ಮಗೂಗೆ ಹೇಳು ಮತ್ತೆ. ನಂಗೆ ಹೇಳಿದ್ರೆ ಏನ್ ಬಂತು," ಎಂದಳು.

ಮಂಗಳವಾರ ಹೇಳಿದೆ. ಎಲ್ಲರ ಮುಂದೆ ತಪ್ಪು ಮಾಡಿಸಿದವಳು ಎಲ್ಲರ ಮುಂದೆಯೇ ಒಪ್ಪಿಕೊಳ್ಳಬೇಕು ಎಂದು ಲೆಕ್ಕ ಹಾಕಿದ್ದೆ. ಸರಪಳಿಯಂತೆ ನಟ್ಟು ಕಟ್ಟಿದ ಲೋಲಕವನ್ನು ಮೇಜಿಗೆ ಹಾಕಿ, ಅವತ್ತು ಮೀಟರ್ ಎಣಿಸಿದ್ದೇ ಸರಿ, ತಪ್ಪು ನನ್ನದು, ನಾನು ನೋಡದೆ ಅಳಿಸಿದೆ ಎಂದೆ. ದೊಡ್ಡವರು ತಪ್ಪೊಪ್ಪಿಕೊಂಡಾಗ ನೋಡುವ ಹಾಗೆ ಮಕ್ಕಳು ನನ್ನ ಕಾಲನ್ನು ನೋಡುತ್ತಿದ್ದರು.

"ಬಾ ಪುಟ್ಟಿ, ಈಗ ಎಲ್ಲರ ಎದುರಿಗೆ ನೀನೇ ಎಣಿಸಿ ತೋರಿಸು."

ಅವಳು ಬಂದಳು. ತೂಗಿಬಿಟ್ಟಳು. ನಾನು ಗಡಿಯಾರ ಹಿಡಿದೆ. ಹದಿನೈದು ಸೆಕೆಂಡೂ ಆಗಿರಲಿಲ್ಲ.

"ಇಪ್ಪತ್ತೇಳು," ಎಂದಳು.

"ಇನ್ನೂ ಮುಗಿದಿಲ್ಲ ಕಣೇ!" ಎಂದ ರೇಡಿಯೊ.

ಅವಳು ಅವನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು, ಸರಿಯಾದ ಉತ್ತರ ಹೇಳಿದ ಮಗು ಟೀಚರನ್ನು ನೋಡುವ ಹಾಗೆ. ಲೋಲಕ ಅವಳ ಬೆನ್ನ ಹಿಂದೆ ತನ್ನ ಪಾಡಿಗೆ ತೂಗುತ್ತಿತ್ತು. ಅವಳ ಮಟ್ಟಿಗೆ ಬದಲಾದದ್ದು ಇಷ್ಟೇ: ಮೊದಲು ಆಂಟಿಗೆ ಮೂವತ್ತು ಬೇಕಿತ್ತು, ಈಗ ಇಪ್ಪತ್ತೇಳು ಬೇಕು.

ಅವಳಮ್ಮನ ಅಂಗಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಒಂದು ಹೊಲಿಗೆ ಯಂತ್ರ, ಒಂದು ನಿಲುವುಗನ್ನಡಿ, ಗೋಡೆಗೆ ಹೊಡೆದ ಮೊಳೆಗಳಲ್ಲಿ ಅಳತೆಯ ಚೀಟಿ ಚುಚ್ಚಿದ ಬಟ್ಟೆಗಳು. ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಆಕೆ ನನಗೆ ಸ್ಟೂಲು ತೋರಿಸಿದಳು. ನಾನು ಬಂದ ಕಾರಣ ಹೇಳಿದೆ. ಸಿದ್ಧ ಮಾಡಿಕೊಂಡು ಹೋಗಿದ್ದ ಮಾತುಗಳು ಅರ್ಧಕ್ಕೇ ಕಲಸಿಹೋದವು.

ಆಕೆ ಪಿನ್ನು ತೆಗೆದು ನಕ್ಕಳು. "ಅಯ್ಯೋ, ಇಷ್ಟಕ್ಕೆ ಇಲ್ಲೀವರೆಗೂ ಬಂದ್ರಾ ನೀವು? ನಾನು ಏನಾಯ್ತಪ್ಪಾ ಅಂತ ಹೆದರಿದ್ದೆ."

"ಅವತ್ತು ಮನೇಲಿ ಏನಾದ್ರೂ ಹೇಳಿದ್ಲಾ?"

"ಅವತ್ತಾ... ಹ್ಞಾಂ. ಬಂದವಳೇ, 'ಅಮ್ಮ, ನಂಗೆ ಎಣಿಸೋಕೆ ಬರಲ್ಲ' ಅಂದ್ಲು. ಯಾರೇ ಹೇಳಿದ್ದು ಅಂದೆ. 'ಬರಲ್ಲ ಅಷ್ಟೇ' ಅಂದ್ಲು. ಅವತ್ತು ಗುಂಡಿ ಎಣಿಸಿ ಡಬ್ಬಿಗೆ ಹಾಕು ಅಂದ್ರೆ, ನೀನೇ ಹಾಕು ಅಂದ್ಲು." ಯಂತ್ರದ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಳು. "ಆದ್ರೆ ನಿಜ ಹೇಳ್ತೀನಿ ಮೇಡಂ, ಒಳ್ಳೇದೇ ಆಯ್ತು. ಮುಂಚೆ ಇವಳ ಕಾಟ ತಡೆಯೋಕಾಗ್ತಿರಲಿಲ್ಲ. ಗಿರಾಕಿ ಮುಂದೆ, 'ಅಮ್ಮ, ಮೂವತ್ತಾರು ಅಂತ ಬರೆದೆ, ಟೇಪಲ್ಲಿ ಮೂವತ್ತೆಂಟಿದೆ' ಅಂತಿದ್ಲು. ಆ ಹೆಂಗಸು ಮುಖ ಊದಿಸ್ಕೊಂಡು ಹೋದೋಳು ಮತ್ತೆ ಬರಲೇ ಇಲ್ಲ. ಕ್ಲಾಸ್ ಟೀಚರ್ ಹತ್ರನೂ ವಾದ. ಈಗ ನೋಡಿ, ತಂಟೆಯಿಲ್ಲ, ತಕರಾರಿಲ್ಲ, ಹೇಳಿದ್ದು ಬರ್ಕೊಂಡು ಬರ್ತಾಳೆ. ನೀವೇ ದಾರಿಗೆ ತಂದಿದ್ದು."

ಒಳಗೆ ಪರದೆಯ ಹಿಂದೆ ಹುಡುಗಿ ಹೋಮ್‌ವರ್ಕ್ ಮಾಡುತ್ತ ಕೂತಿದ್ದಳು. ಅಮ್ಮ ಕರೆದಳು. ಬಂದು ನಿಂತಳು. ಅವಳ ಮುಂದಿನ ಹಲ್ಲು ಅರ್ಧ ಬಂದಿತ್ತು.

"ನನ್ನ ಮೇಲೆ ಕೋಪಾನಾ ಪುಟ್ಟಿ?"

"ಇಲ್ಲ ಆಂಟಿ."

"ನೀನು ಸರಿ ಇದ್ದೆ. ನಾನು ತಪ್ಪು. ಗೊತ್ತಾಯ್ತಾ?"

"ಹ್ಞೂಂ ಆಂಟಿ."

ಎಷ್ಟು ವಿನಯ! ಇನ್ನೇನು ಕೇಳಿದ್ದರೂ ಅದೇ ಹ್ಞೂಂ ಬರುತ್ತಿತ್ತು. ಅವಳಮ್ಮ ನನಗೆ ಕುಡಿಯಲು ನೀರು ಕೊಟ್ಟು, ನನ್ನ ರವಿಕೆಯ ತೋಳು ಸ್ವಲ್ಪ ಬಿಗಿ ಇದೆ, ತಂದುಕೊಟ್ಟರೆ ಬಿಡಿಸಿ ಕೊಡುತ್ತೇನೆ ಎಂದಳು.

ಅವತ್ತು ನಡೆದು ಮನೆಗೆ ಬರುವಾಗ ನನಗೆ ಒಂದು ವಿಷಯ ತಿಳಿಯಿತು. ನನಗೆ ಉತ್ತರ ಗೊತ್ತಿರುವ ಯಾವ ಪ್ರಯೋಗ ಮಾಡಿಸಿದರೂ ಅವಳು ಉತ್ತರವನ್ನು ನನ್ನ ಮುಖದಲ್ಲಿ ಹುಡುಕುತ್ತಾಳೆ. ಎಂಟು ವರ್ಷದ ಮಗು ಮುಖ ಓದುವುದನ್ನು ಎಣಿಸುವುದಕ್ಕಿಂತ ಬೇಗ ಕಲಿಯುತ್ತದೆ. ಹಾಗಾದರೆ ನನಗೇ ಗೊತ್ತಿಲ್ಲದ್ದನ್ನು ಮಾಡಿಸಬೇಕು.

ಆ ಗುರುವಾರ ಸಂಜೆ ನಾನು ಏನನ್ನೂ ಮಾಡಿ ನೋಡಲಿಲ್ಲ. ಅಡುಗೆಮನೆಯಲ್ಲಿ ನನ್ನ ಕೈಗೆ ಕೆಲಸವಿಲ್ಲದ್ದನ್ನು ಕಂಡು ಅಕ್ಕ ಹಣೆ ಮುಟ್ಟಿ ನೋಡಿದಳು.

ಶುಕ್ರವಾರ ಮಕ್ಕಳನ್ನು ಸೈಕಲ್ ಶೆಡ್ಡಿನ ಹಿಂದಿನ ಗೋಡೆಗೆ ಕರೆದುಕೊಂಡು ಹೋದೆ. ಅಲ್ಲಿ ಕೆಂಪು ಇರುವೆಗಳ ಸಾಲೊಂದು ಬಿರುಕಿನಿಂದ ಹೊರಟು ನಲ್ಲಿಯ ಕೊಳವೆಯವರೆಗೆ ಹೋಗುತ್ತಿತ್ತು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದೆ. ಒಂದು ನಿಮಿಷದಲ್ಲಿ ಎಷ್ಟು ಇರುವೆ ಈ ಗೆರೆ ದಾಟುತ್ತವೆ? ಒಬ್ಬೊಬ್ಬರಾಗಿ ಎಣಿಸುವುದು, ಒಬ್ಬೊಬ್ಬರಿಗೆ ಒಂದೊಂದು ನಿಮಿಷ.

"ಎಷ್ಟು ಬರಬೇಕು ಆಂಟಿ?" ಮೀಟರ್ ಕೇಳಿದಳು.

"ನಂಗೆ ಗೊತ್ತಿಲ್ಲ."

"ನಿಮಗೆ ಗೊತ್ತಿರತ್ತೆ. ನೀವು ಮನೇಲಿ ಮಾಡಿ ನೋಡಿರ್ತೀರಾ."

"ಈ ಇರುವೆ ನಮ್ಮನೇಲಿ ಇಲ್ಲವಲ್ಲ."

ಅವಳು ನಂಬಲಿಲ್ಲ. ಮೊದಲು ರೇಡಿಯೊ ಎಣಿಸಿ ಕುಣಿಯುತ್ತ ಎದ್ದ, ನಲವತ್ತೆರಡು. ಆಮೇಲೆ ಇಬ್ಬರು, ಮೂವತ್ತೈದು, ಐವತ್ತು. ಅವಳ ಸರದಿ ಬಂದಾಗ ಅವನ ಅಂಗಿ ಜಗ್ಗಿ ಪಿಸುಗುಟ್ಟಿದಳು, "ನಿಂದು ಸರಿನಾ, ಅವರದ್ದು ಸರಿನಾ?"

"ನಂದು ಸರಿ. ಆದ್ರೆ ನನ್ನ ಇರುವೆಗಳೆಲ್ಲ ಆಗ್ಲೇ ಮನೆಗೆ ಹೋದ್ವು. ನಿಂಗೆ ಬೇರೇವು ಬರ್ತವೆ," ಎಂದ ಅವನು, ತುಂಬ ಗಂಭೀರವಾಗಿ. ನಾನು ಒಂದು ವರ್ಷದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ.

ಅವಳು ಗೋಡೆಯ ಬಳಿ ಕುಕ್ಕರುಗಾಲಲ್ಲಿ ಕೂತಳು. ನನ್ನ ಮುಖ ಅವಳಿಗೆ ಕಾಣದಿರಲಿ ಎಂದು ನಾನು ಬೆನ್ನು ತಿರುಗಿಸಿ ನಿಂತು ಗಡಿಯಾರ ನೋಡಿದೆ. ಒಂದು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಯಾವ ಸದ್ದೂ ಇಲ್ಲ. ಮುಂಚೆ ಅವಳು ಎಣಿಸುವಾಗ ಉಸಿರಿನಲ್ಲಿ ಒಂದು ಸಣ್ಣ ಗುನುಗು ಇರುತ್ತಿತ್ತು. ಅದು ಇದೆಯೋ ಎಂದು ಕಿವಿಗೊಟ್ಟೆ. ಸೈಕಲ್ ನಿಲ್ಲಿಸುವ ಸದ್ದು, ಮಕ್ಕಳ ಕಾಲಿನ ಸದ್ದು.

"ನಿಲ್ಲಿಸು," ಎಂದೆ.

ತಿರುಗುವಷ್ಟರಲ್ಲಿ ಅವಳು ಪುಸ್ತಕದಲ್ಲಿ ಬರೆದು ಮುಗಿಸಿದ್ದಳು. ನಲವತ್ತು.

ನಲವತ್ತು ಇರುವೆಗಳು ದಾಟಿರಬಹುದು. ದಾಟಬಾರದೆಂದೇನಿಲ್ಲ. ಮೂವತ್ತೈದಕ್ಕೂ ಐವತ್ತಕ್ಕೂ ನಡುವೆ ಇಟ್ಟ ದುಂಡನೆಯ ಸಂಖ್ಯೆಯೂ ಆಗಿರಬಹುದು. ಅವಳ ಮುಖ ನೋಡಿದೆ. ಅವಳು ನನ್ನ ಮುಖವನ್ನು ನೋಡುತ್ತಿದ್ದಳು.

ಇನ್ನೊಂದು ಸಲ ಎಣಿಸು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬೇರೆ ಯಾವ ಮಗುವಿಗಾದರೂ ಹೇಳುತ್ತಿದ್ದೆ, ಹೇಳಲೇಬೇಕಾದ ಮಾತು ಅದು. ಈ ಮಗುವಿಗೆ ಹೇಳುವ ಹಕ್ಕು ನನಗಿರಲಿಲ್ಲ.

"ಸರಿನಾ ಆಂಟಿ?"

"ನಾನು ನೋಡಲಿಲ್ಲ ಪುಟ್ಟಿ. ನೋಡಿದ್ದು ನೀನು."

ಅವಳು ಒಂದು ಕ್ಷಣ ಕಾದಳು, ನಾನು ಇನ್ನೇನಾದರೂ ಹೇಳುತ್ತೇನೋ ಎಂದು. ಆಮೇಲೆ ಪುಸ್ತಕ ಮುಚ್ಚಿ, ಜಾಗ ಬಿಟ್ಟುಕೊಟ್ಟು, ಸಾಲಿನ ಹಿಂದೆ ಹೋಗಿ ನಿಂತಳು.

ಮಕ್ಕಳೆಲ್ಲ ಹೋದ ಮೇಲೆ ಕೋಣೆಗೆ ಬೀಗ ಹಾಕಿ ನಾನು ಗೋಡೆಯ ಹತ್ತಿರ ಮತ್ತೆ ಹೋದೆ. ಮಂಡಿ ನೋಯುತ್ತದೆ, ಆದರೂ ಕೂತೆ. ಗಡಿಯಾರವನ್ನು ನೆಲದ ಮೇಲಿಟ್ಟು ಒಂದು ನಿಮಿಷ ಎಣಿಸಿದೆ. ಐವತ್ತೊಂದು ಬಂತು. ಅದರಿಂದ ಏನೂ ತಿಳಿಯಲಿಲ್ಲ.